ಮುಟ್ಟಬಲ್ಲ ಲಿಸ್ಟು, ಮುಟ್ಟಿದರೆ ಮುನಿ ಟಪಲ್ಲು

ಪ್ರೋಗ್ರಾಮಿಂಗ್ ಕಲಿಯಲು ಶುರು ಮಾಡಿದ ಹೊಸತರಲ್ಲಿ ನನಗೊಂದು ಅಭ್ಯಾಸ ಇತ್ತು. ಕಿವಿಗೆ ಬಿದ್ದ ಇಂಗ್ಲಿಷ್ ಪದವನ್ನು ಬಿದ್ದ ಹಾಗೇ ಕನ್ನಡದಲ್ಲಿ ನೋಟ್ಸಿಗೆ ಇಳಿಸುವುದು. ಸ್ಪೆಲ್ಲಿಂಗ್ ಆಮೇಲೆ ನೋಡಿಕೊಂಡರಾಯಿತು ಅಂತ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಲಿಸ್ಟ್ ಮತ್ತು ಟಪಲ್ ಪಾಠದ ದಿನ ನಾನು ಬರೆದುಕೊಂಡದ್ದು ಹೀಗಿತ್ತು: "ಲಿಸ್ಟ್ - ಮುಟ್ಟಬಲ್. ಟಪಲ್ - ಇಮ್ಮುಟ್ಟಬಲ್."

ವರ್ಷಗಳ ನಂತರ ಆ ನೋಟ್‌ಬುಕ್ ಸಿಕ್ಕಾಗ ಜೋರಾಗಿ ನಗು ಬಂತು. ಆಮೇಲೆ ಯೋಚಿಸಿದೆ, ತಪ್ಪೇನಿದೆ? ಮ್ಯೂಟಬಲ್ ಅಂದರೆ ಮುಟ್ಟಬಲ್ಲದ್ದು. ಕೈ ಹಾಕಿ ತಿದ್ದಬಹುದು, ಸೇರಿಸಬಹುದು, ಕಿತ್ತು ಹಾಕಬಹುದು. ಇಮ್ಯೂಟಬಲ್ ಅಂದರೆ ಮುಟ್ಟಿದರೆ ಮುನಿ. ನೋಡಲು ಅಡ್ಡಿಯಿಲ್ಲ, ಎಣಿಸಲು ಅಡ್ಡಿಯಿಲ್ಲ. ಬೆರಳು ತಾಗಿಸಿದರೆ ಮಾತ್ರ ಟೈಪ್‌ಎರರ್ ಅನ್ನುವ ತಪ್ಪಿನ ಸಂದೇಶ ಎಸೆದು ಮುದುಡಿಕೊಳ್ಳುತ್ತದೆ.

ಮೇಲ್ನೋಟಕ್ಕೆ ಎರಡೂ ಒಂದೇ ಕೆಲಸ ಮಾಡುತ್ತವೆ. ಸಾಲಾಗಿ ಏನಾದರೂ ಜೋಡಿಸಿ ಇಡಬಹುದು. ಮೂರನೆಯದು ಕೊಡು ಅಂದರೆ ಕೊಡುತ್ತವೆ. (ಮೂರನೆಯದಕ್ಕೆ 2 ಅಂತ ಬರೆದು ಕೇಳಬೇಕು, ಎಣಿಕೆ ಸೊನ್ನೆಯಿಂದ ಶುರು. ಆ ಜಗಳ ಇನ್ನೊಂದು ದಿನ ಆಡೋಣ.) ಒಂದಕ್ಕೆ ಚೌಕ ಬ್ರಾಕೆಟ್, ಇನ್ನೊಂದಕ್ಕೆ ದುಂಡು ಬ್ರಾಕೆಟ್. ಯಾವಾಗ ಯಾವುದು ಅಂತ ಇಂಟರ್‌ವ್ಯೂನಲ್ಲಿ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: "ಬದಲಾಗುವ ಡೇಟಾಗೆ ಲಿಸ್ಟ್, ಬದಲಾಗದ ಡೇಟಾಗೆ ಟಪಲ್." ಈ ಉತ್ತರ ಹೇಳಿಯೇ ನಾನೂ ಕೆಲಸ ಗಿಟ್ಟಿಸಿದ್ದು, ಹಾಗಾಗಿ ಬೈಯಲು ಮನಸ್ಸು ಬರುವುದಿಲ್ಲ. ಆದರೆ ಅದರಿಂದ ಕೆಲಸ ಗಿಟ್ಟುತ್ತದೆಯೇ ಹೊರತು ಕೆಲಸ ಆಗುವುದಿಲ್ಲ.

ಟಪಲ್ ಅನ್ನಬೇಕೋ ಟೂಪಲ್ ಅನ್ನಬೇಕೋ ಅನ್ನುವುದೂ ಒಂದು ಹಳೆಯ ವಾದ. ಕ್ವಿಂಟುಪಲ್, ಸೆಕ್ಸ್‌ಟುಪಲ್ ಥರದ ಪದಗಳ ಬಾಲವನ್ನು ಕತ್ತರಿಸಿಕೊಂಡು ಹುಟ್ಟಿದ ಪದ ಅದು. ಬಾಲಕ್ಕೆ ಸ್ವಂತ ಉಚ್ಚಾರಣೆ ಎಲ್ಲಿಂದ ಬರಬೇಕು? ಪೈಥಾನನ್ನು ರೂಪಿಸಿದ ಗೀಡೊ ವಾನ್ ರಾಸಮ್ ಒಮ್ಮೆ ಇದನ್ನು ತಮಾಷೆಯಾಗಿ ಬಗೆಹರಿಸಿದ್ದರು: ಸೋಮ, ಬುಧ, ಶುಕ್ರವಾರ ಒಂದು ಥರ, ಮಂಗಳ, ಗುರು, ಶನಿವಾರ ಇನ್ನೊಂದು ಥರ, ಭಾನುವಾರ ಆ ಮಾತೇ ಎತ್ತುವುದಿಲ್ಲ ಅಂತ. ನಾನು ವಾರವಿಡೀ ಟಪಲ್ ಅನ್ನುವವನು.

ಇನ್ನು ಕೆಲವರು ಜಾಗದ ಲೆಕ್ಕ ತೆಗೆಯುತ್ತಾರೆ. ನನ್ನ ಲ್ಯಾಪ್‌ಟಾಪಿನ ಪೈಥಾನ್ 3.11ರಲ್ಲಿ ಖಾಲಿ ಲಿಸ್ಟಿಗೆ 56 ಬೈಟ್ ಬೇಕು, ಖಾಲಿ ಟಪಲ್‌ಗೆ 40. ಅಂದರೆ 16 ಬೈಟ್ ಉಳಿತಾಯ. "ಉಳಿತಾಯ" ಅನ್ನುವ ಪದವನ್ನು ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿ) ಬರೆದಿಟ್ಟರೆ ಅದೇ 18 ಬೈಟ್ ತಿನ್ನುತ್ತದೆ. ಕೋಟಿಗಟ್ಟಲೆ ಟಪಲ್ ಇಟ್ಟುಕೊಳ್ಳುವವರಿಗೆ ಈ ಲೆಕ್ಕ ಮುಖ್ಯ ಇರಬಹುದು. ನನ್ನ ತಲೆ ಕೆಟ್ಟದ್ದು ಬೈಟಿನಿಂದ ಅಲ್ಲ.

ಅದು ಕೆಟ್ಟದ್ದು ಮೊದಲ ಕೆಲಸದಲ್ಲಿ. ಒಂದು ವೆಬ್‌ಸೈಟಿನಲ್ಲಿ ಜನ ಆರಿಸಿದ ವಸ್ತುಗಳನ್ನು ಪಟ್ಟಿ ಮಾಡುವ ಫಂಕ್ಷನ್ ಬರೆದಿದ್ದೆ. ಅದರ ಹೆಸರು "ಸೇರಿಸು" ಅಂತ ಇಟ್ಟುಕೊಳ್ಳಿ. ಎರಡು ಆರ್ಗ್ಯುಮೆಂಟ್: ಯಾವ ವಸ್ತು, ಯಾವ ಪಟ್ಟಿಗೆ. ಪಟ್ಟಿ ಕೊಡದೇ ಇದ್ದರೆ ಖಾಲಿ ಪಟ್ಟಿಯಿಂದ ಶುರು ಮಾಡು ಅಂತ, ಡಿಫಾಲ್ಟ್ ಆಗಿ [] ಅಂತ ಬರೆದಿದ್ದೆ. ಎಷ್ಟು ಚೆಂದ, ಎಷ್ಟು ಚಿಕ್ಕದು! ಟೆಸ್ಟ್ ಮಾಡಿದೆ. ಒಂದು ವಸ್ತು ಸೇರಿಸಿದೆ, ಪಟ್ಟಿಯಲ್ಲಿ ಒಂದು ವಸ್ತು ಬಂತು. ಖುಷಿಯಾಗಿ ಮನೆಗೆ ಹೋದೆ.

ಮರುದಿನದಿಂದ ದೂರುಗಳು. "ನಾನು ಆರಿಸಿದ್ದು ಎರಡು, ಪಟ್ಟಿಯಲ್ಲಿ ಹನ್ನೊಂದಿದೆ" ಅಂತ ಒಬ್ಬರು. "ಇದೆಲ್ಲ ಯಾರದ್ದು?" ಅಂತ ಇನ್ನೊಬ್ಬರು. ಸರ್ವರ್ ರೀಸ್ಟಾರ್ಟ್ ಮಾಡಿದರೆ ಎಲ್ಲ ಸರಿಹೋಗುತ್ತಿತ್ತು. ಒಂದು ಗಂಟೆ ಕಳೆದರೆ ಮತ್ತೆ ಅದೇ ಕಥೆ. ಇನ್ನೂ ವಿಚಿತ್ರ ಅಂದರೆ, ಪೇಜ್ ರಿಫ್ರೆಶ್ ಮಾಡಿದಾಗಲೆಲ್ಲ ಬೇರೆ ಬೇರೆ ಜನರ ವಸ್ತುಗಳು ಕಾಣುತ್ತಿದ್ದವು. ಸರ್ವರ್ ನನ್ನ ಪ್ರೋಗ್ರಾಮಿನ ನಾಲ್ಕು ಪ್ರತಿಗಳನ್ನು, ಅಂದರೆ ನಾಲ್ಕು ಪ್ರೊಸೆಸ್‌ಗಳನ್ನು ಓಡಿಸುತ್ತಿತ್ತು, ಒಂದೊಂದರದ್ದೂ ಒಂದೊಂದು ಪಟ್ಟಿ ಅಂತ ಆಗ ನನಗೆ ಹೊಳೆದಿರಲಿಲ್ಲ. ಡೇಟಾಬೇಸ್ ಮೇಲೆ ಅನುಮಾನ ಪಟ್ಟೆ. ಬ್ರೌಸರ್ ಮೇಲೆ ಪಟ್ಟೆ. ನೆಟ್‌ವರ್ಕ್ ನೋಡಿಕೊಳ್ಳುವವರ ಮೇಲೂ ಪಟ್ಟೆ, ಅವರ ಮುಖ ನೋಡಿದರೆ ಹಾಗನಿಸುತ್ತಿತ್ತು. ಮೂರು ದಿನ ಹೀಗೇ ಹೋಯಿತು. ನಾಲ್ಕನೇ ದಿನ ತಂಡದ ಹಿರಿಯರೊಬ್ಬರು ನನ್ನ ಕುರ್ಚಿಯ ಹಿಂದೆ ನಿಂತು, ಹತ್ತು ಸೆಕೆಂಡ್ ಸ್ಕ್ರೀನ್ ನೋಡಿ, "ಆ ಬ್ರಾಕೆಟ್ ಒಂದೇ ಸಲ ಹುಟ್ಟೋದು ಕಣ್ರೀ" ಅಂದು ಹೊರಟೇಹೋದರು.

ಪೈಥಾನ್ ಡಿಫಾಲ್ಟ್ ಬೆಲೆಯನ್ನು ಫಂಕ್ಷನ್ ಕರೆದಾಗಲೆಲ್ಲ ಹೊಸದಾಗಿ ಮಾಡುವುದಿಲ್ಲ. ಫಂಕ್ಷನನ್ನು ಘೋಷಿಸುವಾಗ ಒಂದೇ ಸಲ ಮಾಡಿ ಇಟ್ಟುಕೊಳ್ಳುತ್ತದೆ. ನಾನು [] ಅಂತ ಬರೆದದ್ದು "ಪ್ರತಿ ಸಲವೂ ಒಂದು ಹೊಸ ಖಾಲಿ ಪಟ್ಟಿ" ಅಂತ. ಪೈಥಾನ್ ಓದಿಕೊಂಡದ್ದು "ಇಗೋ ಈ ಒಂದು ಪಟ್ಟಿ, ಸದ್ಯಕ್ಕೆ ಖಾಲಿ ಇದೆ" ಅಂತ. ಆ ಒಂದೇ ಪಟ್ಟಿಗೆ ಊರ ಜನರೆಲ್ಲ ಸೇರಿಸುತ್ತಾ ಹೋದರು. ಪಟ್ಟಿ ಒಂದು ಸಲವೂ ಗೊಣಗಲಿಲ್ಲ. ಲಿಸ್ಟಿನ ಒಳ್ಳೆಯತನವೂ ಅದೇ, ಕೆಟ್ಟತನವೂ ಅದೇ. ಯಾರು ಮುಟ್ಟಿದರೂ ಸುಮ್ನೆ ಇರುತ್ತದೆ.

ವೇರಿಯಬಲ್ ಅಂದರೆ ಡಬ್ಬಿ ಅಂತ ಎಲ್ಲರೂ ಹೇಳಿಕೊಡುತ್ತಾರೆ. ಪೈಥಾನಿನ ಮಟ್ಟಿಗೆ ಅದು ಚೀಟಿ. ಒಂದು ವಸ್ತುವಿಗೆ ಎಷ್ಟು ಚೀಟಿ ಬೇಕಾದರೂ ಅಂಟಿಸಬಹುದು. ಒಂದು ಲಿಸ್ಟಿನ ಹೆಸರನ್ನು ಇನ್ನೊಂದು ಹೆಸರಿಗೆ ಕೊಟ್ಟರೆ ನಕಲು ಆಗುವುದಿಲ್ಲ, ಎರಡನೆಯ ಚೀಟಿ ಅಂಟುತ್ತದೆ ಅಷ್ಟೆ. ಇದು ಗೊತ್ತಿಲ್ಲದೆ ನಾನು ಮೂರು ಸಾಲು, ಮೂರು ಕಂಬಗಳ ಸೊನ್ನೆ-ಗುಣಾಕಾರದ (ಟಿಕ್-ಟ್ಯಾಕ್-ಟೋ) ಆಟ ಬರೆದಿದ್ದೆ. ಮನೆಗಳನ್ನು ತಯಾರಿಸಲು [[0] * 3] * 3 ಅಂತ ಬರೆದೆ (* 3 ಅಂದರೆ ಮೂರು ಸಲ ಇಡು ಅಂತ). ಪ್ರಿಂಟ್ ಮಾಡಿದರೆ ಒಂಬತ್ತು ಸೊನ್ನೆಗಳು ಸೊಗಸಾಗಿ ಕೂತಿದ್ದವು. ಮೊದಲ ಮನೆಗೆ ಒಂದು ಗುರುತು ಹಾಕಿದೆ, ಇಡೀ ಕಂಬ ತುಂಬಿಕೊಂಡಿತು. ಒಂದೇ ನಡೆಯಲ್ಲಿ ಗೆಲುವು! ಅಲ್ಲಿ ಸಾಲು ಮೂರಿರಲಿಲ್ಲ, ಒಂದೇ ಸಾಲಿಗೆ ಮೂರು ಚೀಟಿ ಇತ್ತು. ಒಳಗಿನ [0] * 3 ಮಾತ್ರ ತೊಂದರೆ ಕೊಡಲಿಲ್ಲ, ಯಾಕೆಂದರೆ ಸೊನ್ನೆ ಇಮ್ಯೂಟಬಲ್. ಸೊನ್ನೆಗೆ ಸಾವಿರ ಚೀಟಿ ಅಂಟಿಸಿ, ಅದು ಸೊನ್ನೆಯಾಗಿಯೇ ಇರುತ್ತದೆ.

ಸಂಖ್ಯೆಗಳ ಬಗ್ಗೆ ಇಷ್ಟು ಧೈರ್ಯವಾಗಿ ಮಾತಾಡುವ ಭಾಗ್ಯ ಹಳಬರಿಗೆ ಇರಲಿಲ್ಲ. ಫೋರ್ಟ್ರಾನ್ ಅನ್ನುವ ಹಳೆಯ ಭಾಷೆಯ ಕೆಲವು ಹಿಂದಿನ ಕಂಪೈಲರುಗಳಲ್ಲಿ (ಕೋಡನ್ನು ಯಂತ್ರದ ಭಾಷೆಗೆ ಅನುವಾದಿಸುವ ಪ್ರೋಗ್ರಾಮುಗಳು) 4 ಅನ್ನುವ ಸಂಖ್ಯೆಯನ್ನು ಒಂದು ಸಬ್‌ರೂಟೀನಿಗೆ ಕೊಟ್ಟರೆ, ಹೋಗುತ್ತಿದ್ದದ್ದು ಅದರ ವಿಳಾಸ. ಆ ಸಬ್‌ರೂಟೀನ್ ತನಗೆ ಬಂದದ್ದಕ್ಕೆ ಒಂದು ಕೂಡಿಸಿದರೆ ಮುಗಿಯಿತು. ಅಲ್ಲಿಂದ ಮುಂದೆ ಪ್ರೋಗ್ರಾಮಿನಲ್ಲಿ 4 ಅಂತ ಬರೆದ ಕಡೆಯೆಲ್ಲ 5 ಇರುತ್ತಿತ್ತು. ಕೋಡನ್ನು ಎಷ್ಟು ಓದಿದರೂ ತಪ್ಪು ಕಾಣುವುದಿಲ್ಲ. ಕಣ್ಣಿಗೆ ಕಾಣುವುದು 4 ತಾನೇ. ನನ್ನ ಹನ್ನೊಂದು ವಸ್ತುಗಳ ಪಟ್ಟಿ ಎಷ್ಟೋ ವಾಸಿ.

ಆ ಘಟನೆಯ ನಂತರ ನಾನು ಮತಾಂತರಗೊಂಡೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನನ್ನ ಕೈಗೆ ಸಿಕ್ಕಿದ್ದೆಲ್ಲ ಟಪಲ್ ಆಯಿತು. ಲಿಸ್ಟ್ ಬಳಸುವವರನ್ನು ಕಂಡರೆ ಹೆಲ್ಮೆಟ್ ಹಾಕದೆ ಗಾಡಿ ಓಡಿಸುವವರನ್ನು ನೋಡಿದ ಹಾಗೆ ನೋಡುತ್ತಿದ್ದೆ.

ಮೊದಲ ಏಟು ಕೊಟ್ಟದ್ದು ಅಲ್ಪವಿರಾಮ. ಒಂದೇ ಸಂಗತಿ ಇರುವ ಟಪಲ್ ಬೇಕು ಅಂತ (5) ಬರೆದರೆ ಸಿಗುವುದು ಬರೀ 5. ಟಪಲ್ ಆಗಬೇಕಾದರೆ (5,) ಅಂತ ಬರೆಯಬೇಕು. ಅಲ್ಲಿ ಬ್ರಾಕೆಟ್ ಸುಮ್ನೆ ಅಲಂಕಾರಕ್ಕೆ, ಕೆಲಸ ಮಾಡುವುದು ಆ ಕಾಮಾ. ಇದರ ಇನ್ನೊಂದು ಮುಖ ಇನ್ನೂ ಕೆಟ್ಟದ್ದು. ಬೇರೆಲ್ಲಿಂದಲೋ ಒಂದು ಸಾಲನ್ನು ಕಾಪಿ ಮಾಡಿ ತಂದಿದ್ದೆ, ಕೊನೆಯಲ್ಲಿ ಒಂದು ಕಾಮಾ ನೊಣದ ಹಾಗೆ ಅಂಟಿಕೊಂಡು ಬಂದಿತ್ತು. ಸಂಖ್ಯೆ ಅಂದುಕೊಂಡದ್ದು ಸದ್ದಿಲ್ಲದೆ ಟಪಲ್ ಆಗಿತ್ತು. ಅದನ್ನು ಹುಡುಕಲು ಇಡೀ ಸಂಜೆ ಬೇಕಾಯಿತು. ಅಲ್ಪವಿರಾಮ ನನಗಿದ್ದ ಅಲ್ಪ ವಿರಾಮವನ್ನೂ ನುಂಗಿತು.

ಎರಡನೆಯ ಏಟು ಜೋರಾಗಿತ್ತು. ಒಂದು ಲಾಗ್ ಫೈಲಿನಿಂದ ಸುಮಾರು ಒಂದು ಲಕ್ಷ ಸಾಲುಗಳನ್ನು ಓದಿ ಜೋಡಿಸಬೇಕಿತ್ತು. ಲೂಪಿನಲ್ಲಿ ಒಂದೊಂದೇ ಸಾಲನ್ನು ಟಪಲ್‌ಗೆ ಕೂಡಿಸುತ್ತಾ ಹೋದೆ. ಟಪಲ್‌ಗೆ ಕೂಡಿಸುವುದು ಅಂದರೇನು? ಅದು ಬೆಳೆಯುವುದಿಲ್ಲವಲ್ಲ. ಹಳೆಯದನ್ನೆಲ್ಲ ಹೊಸ ಜಾಗಕ್ಕೆ ನಕಲು ಮಾಡಿ, ಕೊನೆಗೆ ಒಂದನ್ನು ಹಚ್ಚಿ, ಹಳೆಯದನ್ನು ಎಸೆಯಬೇಕು. ಒಂದು ನಕಲು, ಎರಡು ನಕಲು, ಮೂರು ನಕಲು ಅಂತ ಕೂಡುತ್ತಾ ಹೋದರೆ ಒಂದು ಲಕ್ಷ ಮುಟ್ಟುವಷ್ಟರಲ್ಲಿ ಸುಮಾರು 500 ಕೋಟಿ ನಕಲು ಆಗಿರುತ್ತದೆ. ಪುಸ್ತಕಕ್ಕೆ ಒಂದು ಪದ ಸೇರಿಸಬೇಕು ಅಂತ ಪ್ರತಿ ಸಲವೂ ಮೊದಲ ಪುಟದಿಂದ ಬರೆಯುವವನ ಪಾಡು. ಫ್ಯಾನ್ ಸದ್ದು ಕೇಳಿ ಪಕ್ಕದವರು ಲ್ಯಾಪ್‌ಟಾಪ್ ಕೆಟ್ಟಿದೆಯಾ ಅಂತ ವಿಚಾರಿಸಿದರು.

ಇಲ್ಲಿ ಲಿಸ್ಟಿನ ಜಾಣತನ ನೋಡಬೇಕು. ಅದು ಕೇಳಿದಷ್ಟೇ ಜಾಗ ತೆಗೆದುಕೊಳ್ಳುವುದಿಲ್ಲ, ಸ್ವಲ್ಪ ಜಾಸ್ತಿಯೇ ಹಿಡಿದಿಟ್ಟುಕೊಳ್ಳುತ್ತದೆ. ಪೈಥಾನ್ 3.11ರಲ್ಲಿ ಒಂದೊಂದೇ ಅಪೆಂಡ್ ಮಾಡುತ್ತಾ, ಅಂದರೆ ಕೊನೆಗೆ ಸೇರಿಸುತ್ತಾ ಹೋದರೆ ಅದು ಹಿಡಿಯುವ ಜಾಗ 4, 8, 16, 24, 32, 40, 52, 64 ಹೀಗೆ ಏರುತ್ತದೆ. ಹೆಚ್ಚಿನ ಸಲ ಹೊಸದು ಬಂದಾಗ ಖಾಲಿ ಸೀಟು ಮೊದಲೇ ಇರುತ್ತದೆ, ಕೂರಿಸಿದರೆ ಆಯಿತು. ನಾನು ಲೂಪಿನಲ್ಲಿ ಲಿಸ್ಟ್ ಬಳಸಿ, ಕೊನೆಯಲ್ಲಿ ಒಂದೇ ಸಲ ಟಪಲ್ ಮಾಡಿದೆ. ಫ್ಯಾನ್ ಸುಮ್ಮನಾಯಿತು. ನನ್ನ ಮತವೂ ಸ್ವಲ್ಪ ತಣ್ಣಗಾಯಿತು.

ಇಮ್ಯೂಟಬಲ್ ಆಗಿದ್ದೂ ಅಗ್ಗವಾಗಿ ಬೆಳೆಯುವ ಉಪಾಯ ಇಲ್ಲದೇ ಇಲ್ಲ. 2007ರಲ್ಲಿ ರಿಚ್ ಹಿಕ್ಕಿ ಹೊರತಂದ ಕ್ಲೋಜರ್ ಭಾಷೆಯ ವೆಕ್ಟರ್ (ಅಲ್ಲಿನ ಪಟ್ಟಿ) ಒಳಗೊಳಗೆ ಒಂದು ಮರ. ಒಂದೊಂದು ಕವಲಿಗೂ 32 ರೆಂಬೆ. ಹೊಸದನ್ನು ಸೇರಿಸಿದಾಗ ಆ ಒಂದು ದಾರಿಯ ಗಂಟುಗಳನ್ನು ಮಾತ್ರ ನಕಲು ಮಾಡಿ, ಉಳಿದ ಮರವನ್ನು ಹಳೆಯದರ ಜೊತೆ ಹಂಚಿಕೊಳ್ಳುತ್ತದೆ. ಒಂದು ಲಕ್ಷ ಇದ್ದರೂ ಮರದ ಆಳ ನಾಲ್ಕೇ ಹಂತ. ಯಾರೂ ಏನನ್ನೂ ತಿದ್ದುವಂತಿಲ್ಲ ಅನ್ನುವ ಭರವಸೆ ಇರುವುದರಿಂದಲೇ ಹಳೆಯದೂ ಹೊಸದೂ ಒಂದೇ ರೆಂಬೆಯನ್ನು ನೆಮ್ಮದಿಯಾಗಿ ಹಂಚಿಕೊಳ್ಳಬಹುದು. ಇದನ್ನು ಓದಿದ ದಿನ ನನಗೆ ಒಳಗೇ ಏನೋ ಕ್ಲಿಕ್ ಆಯಿತು, ಅದಕ್ಕೆ ಆಮೇಲೆ ಬರುತ್ತೇನೆ.

ಮೂರನೆಯ ಏಟು ಬಿದ್ದದ್ದು ಟಪಲ್ ಮೇಲಿದ್ದ ನಂಬಿಕೆಗೇ. (1, [2]) ಅಂತ ಒಂದು ಟಪಲ್ ಇದೆ ಅಂದುಕೊಳ್ಳಿ. ಟಪಲ್ ಇಮ್ಯೂಟಬಲ್, ಒಪ್ಪಿದೆ. ಒಳಗಿರುವ ಲಿಸ್ಟ್? ಅದಕ್ಕೆ 3 ಅಪೆಂಡ್ ಮಾಡಿದರೆ ಆರಾಮಾಗಿ (1, [2, 3]) ಆಗುತ್ತದೆ. ಟಪಲ್ ಮಾಡುವುದು ಇಷ್ಟೇ: ಹಿಡಿದ ಕೈಗಳನ್ನು ಬಿಡುವುದಿಲ್ಲ, ಬೇರೆ ಕೈಗಳನ್ನು ಹಿಡಿಯುವುದಿಲ್ಲ. ಹಿಡಿಸಿಕೊಂಡವರು ಕೂದಲಿಗೆ ಬಣ್ಣ ಹಚ್ಚಿಕೊಂಡರೆ ಅದು ತಲೆ ಕೆಡಿಸಿಕೊಳ್ಳುವುದಿಲ್ಲ.

ಇದೇ ಟಪಲ್‌ನ ಎರಡನೆಯ ಜಾಗಕ್ಕೆ ಅಪೆಂಡ್ ಬದಲು += [3] ಅಂತ ಬರೆದರೆ ಇನ್ನೂ ಮಜಾ. ಟೈಪ್‌ಎರರ್ ಬರುತ್ತದೆ, ಟಪಲ್ ಮುನಿಯುತ್ತದೆ. ಸದ್ಯ ತಡೆಯಿತಲ್ಲ ಅಂತ ನೋಡಿದರೆ ಒಳಗಿನ ಲಿಸ್ಟ್ ಬದಲಾಗಿಯೇ ಇರುತ್ತದೆ! += ಅನ್ನುವುದು ಎರಡು ಹೆಜ್ಜೆಯ ಕೆಲಸ. ಮೊದಲು ಲಿಸ್ಟ್ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಆಮೇಲೆ ಅದನ್ನು ಟಪಲ್‌ನಲ್ಲಿ ವಾಪಸ್ ಇಡಲು ಹೋಗುತ್ತದೆ. ಸಿಕ್ಕಿಬೀಳುವುದು ಎರಡನೆಯ ಹೆಜ್ಜೆಯಲ್ಲಿ, ಅಷ್ಟರಲ್ಲಿ ಮೊದಲನೆಯದು ಮುಗಿದಿರುತ್ತದೆ. ಕಳ್ಳನನ್ನು ಹಿಡಿದು ಚೆನ್ನಾಗಿ ಬೈದು, ಕದ್ದದ್ದನ್ನು ಅವನ ಕೈಯಲ್ಲೇ ಬಿಟ್ಟು ಕಳಿಸಿದ ಹಾಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರೆ. ಈ ಹಾವಿನ ವಿಷಯದಲ್ಲಿ ಎರಡೂ ಒಟ್ಟಿಗೆ ಆಯಿತು.

ಇಂಥ ಅರೆಬರೆ ಟಪಲ್ಲುಗಳನ್ನು ಪೈಥಾನಿನ ಡಿಕ್ಷನರಿ (ಕೀ ಕೊಟ್ಟರೆ ಅದಕ್ಕೆ ಸೇರಿದ ವಸ್ತು ಕೊಡುವ ಕೋಶ) ಮಾತ್ರ ತಕ್ಷಣ ಗುರುತು ಹಿಡಿಯುತ್ತದೆ. ಲಿಸ್ಟನ್ನು ಕೀ ಮಾಡಲು ಹೋದರೆ "ಅನ್‌ಹ್ಯಾಶಬಲ್" ಅಂತ ಬೈದು ವಾಪಸ್ ಕಳಿಸುತ್ತದೆ, ಹೊಟ್ಟೆಯಲ್ಲಿ ಲಿಸ್ಟ್ ಇಟ್ಟುಕೊಂಡ ಟಪಲ್‌ಗೂ ಅದೇ ಉತ್ತರ. ಹ್ಯಾಶ್ ಅಂದರೆ ಒಳಗಿರುವುದನ್ನು ನೋಡಿ ಲೆಕ್ಕ ಹಾಕಿದ ಕಪಾಟಿನ ನಂಬರು. ಒಳಗಿನದು ಆಮೇಲೆ ಬದಲಾದರೆ ನಂಬರೂ ಬದಲಾಗುತ್ತದೆ, ವಸ್ತು ಮಾತ್ರ ಹಳೆಯ ಕಪಾಟಿನಲ್ಲೇ ಇರುತ್ತದೆ. ಜಾವಾ ಭಾಷೆಯವರು ಇದನ್ನು ತಡೆಯುವುದಿಲ್ಲ. ಹ್ಯಾಶ್‌ಸೆಟ್‌ನಲ್ಲಿ ಒಂದು ಲಿಸ್ಟ್ ಇಟ್ಟು, ಆಮೇಲೆ ಆ ಲಿಸ್ಟನ್ನು ತಿದ್ದಿ, "ಇದು ನಿನ್ನ ಹತ್ತಿರ ಇದೆಯಾ?" ಅಂತ ಕೇಳಿ. ಇಲ್ಲ ಅನ್ನುತ್ತದೆ. ಒಂದೊಂದಾಗಿ ತೆಗೆದು ನೋಡಿದರೆ ಅಲ್ಲೇ ಕೂತಿರುತ್ತದೆ.

ಸಾರ್ಟ್ ಮಾಡುವಾಗಲೂ, ಅಂದರೆ ಕ್ರಮವಾಗಿ ಜೋಡಿಸುವಾಗಲೂ, ಇದೇ ಗೊಂದಲ. ಪೈಥಾನಿನ ಲಿಸ್ಟಿಗೆ ಸಾರ್ಟ್ ಅಂದರೆ ಅದು ತನ್ನನ್ನೇ ಜೋಡಿಸಿಕೊಂಡು, ನಮ್ಮ ಕೈಗೆ "ನನ್" ಕೊಡುತ್ತದೆ. ಏನೂ ಇಲ್ಲ ಅನ್ನುವುದಕ್ಕೆ ಅಲ್ಲಿ ಇರುವ ಪದ ಅದು. ಹೊಸಬರು ಆ ಉತ್ತರವನ್ನೇ ಲಿಸ್ಟಿನ ಹೆಸರಿಗೆ ಕೊಟ್ಟು ಎಲ್ಲ ಕಳೆದುಕೊಳ್ಳುತ್ತಾರೆ. ಲಿಸ್ಟ್ ಎಲ್ಲಿ ಅಂದರೆ "ನನ್" ಅನ್ನುತ್ತದೆ. ನಿನ್ನದೇ ಇರಲಿ ಮಾರಾಯ, ನನ್ನದೆಲ್ಲಿ? ತಮಾಷೆ ಬಿಡಿ, ಅದು ಬೇಕಂತಲೇ ಮಾಡಿದ್ದು. ಏನೂ ಕೊಡದೇ ಇದ್ದರೆ, ಮೂಲವೇ ಬದಲಾಯಿತು ಅಂತ ಜನರಿಗೆ ತಿಳಿಯುತ್ತದೆ. ಜಾವಾಸ್ಕ್ರಿಪ್ಟಿನ ಸಾರ್ಟ್ ಮೂಲವನ್ನೂ ಬದಲಾಯಿಸಿ, ಅದನ್ನೇ ಹೊಸದೆಂಬಂತೆ ಕೈಗೂ ಕೊಡುತ್ತದೆ. ಮೂಲವನ್ನು ಮುಟ್ಟದ ಇನ್ನೊಂದು ಸಾರ್ಟ್ ಆ ಭಾಷೆಯ ನಿಯಮಕ್ಕೆ ಸೇರಿದ್ದು 2023ರಲ್ಲಿ. ಅಲ್ಲಿನ "ಕಾನ್ಸ್ಟ್" ಬಗ್ಗೆಯೂ ಹೇಳಬೇಕು. ಕಾನ್ಸ್ಟ್ ಅಂತ ಬರೆದರೆ ಚೀಟಿ ಕದಲುವುದಿಲ್ಲ ಅಷ್ಟೆ, ಅರೇ (ಅಲ್ಲಿನ ಲಿಸ್ಟ್) ಒಳಗೆ ಏನು ಬೇಕಾದರೂ ನಡೆಯಬಹುದು. ಬಾಗಿಲಿಗೆ ಗಟ್ಟಿಯಾಗಿ ಬೋರ್ಡ್ ಹೊಡೆದಿದ್ದಾರೆ, ಬೀಗ ಹಾಕಿಲ್ಲ.

ಕ್ಲಿಕ್ ಆಯಿತು ಅಂದೆನಲ್ಲ, ಅದನ್ನು ಮಾತಿನಲ್ಲಿ ಹೇಳಲು ಬಂದದ್ದು ರಸ್ಟ್ ಕಲಿಯುವಾಗ. 2015ರಲ್ಲಿ 1.0 ಆವೃತ್ತಿ ಕಂಡ ಭಾಷೆ ಅದು. ಅಲ್ಲಿ ಎಲ್ಲವೂ ಹುಟ್ಟುವಾಗಲೇ ಇಮ್ಯೂಟಬಲ್. ಬದಲಾಯಿಸಬೇಕು ಅಂದರೆ ಹೆಸರಿಗಿಂತ ಮೊದಲು ಇಂಗ್ಲಿಷಿನ ಮೂರಕ್ಷರದ ಒಂದು ಪದ ಬರೆಯಬೇಕು. ಆ ಪದ ಯಾವುದು ಗೊತ್ತಾ? "ಮುಟ್". ನನ್ನ ಹಳೆಯ ನೋಟ್ಸಿಗೆ ಕೊನೆಗೂ ನ್ಯಾಯ ಸಿಕ್ಕಿತು.

ರಸ್ಟಿನ ನಿಯಮ ಸರಳ. ಒಂದು ವಸ್ತುವನ್ನು ಎಷ್ಟು ಜನ ಬೇಕಾದರೂ ಒಟ್ಟಿಗೆ ನೋಡಬಹುದು. ಇಲ್ಲವೇ ಒಬ್ಬರು ಮಾತ್ರ ತಿದ್ದಬಹುದು. ಒಬ್ಬರು ತಿದ್ದುವಾಗ ಇನ್ನೊಬ್ಬರು ನೋಡುತ್ತಿದ್ದರೆ ಕಂಪೈಲರ್ ಕೋಡನ್ನು ಓಡಲೇ ಬಿಡುವುದಿಲ್ಲ. ಇದನ್ನು ಓದಿ ನನ್ನ ಹಳೆಯ ಅಪಘಾತಗಳನ್ನೆಲ್ಲ ಒಂದು ಸಲ ನೆನಪಿಸಿಕೊಂಡೆ. ಡಿಫಾಲ್ಟ್ ಪಟ್ಟಿ ಬದಲಾಗುತ್ತಿತ್ತು, ಅದನ್ನು ಎಲ್ಲರೂ ಹಂಚಿಕೊಂಡಿದ್ದರು. ಆಟದ ಸಾಲು ಬದಲಾಗುತ್ತಿತ್ತು, ಅದಕ್ಕೆ ಮೂರು ಚೀಟಿ ಇತ್ತು. ಫೋರ್ಟ್ರಾನಿನ 4ನ್ನು ಇಡೀ ಪ್ರೋಗ್ರಾಮ್ ಹಂಚಿಕೊಂಡಿತ್ತು. ಆದರೆ ಲಾಗ್ ಫೈಲಿನ ಲಿಸ್ಟ್ ಲಕ್ಷ ಸಲ ಬದಲಾದರೂ ಏನೂ ಆಗಲಿಲ್ಲ, ಯಾಕೆಂದರೆ ಅದು ನನ್ನೊಬ್ಬನ ಕೈಯಲ್ಲೇ ಇತ್ತು. ಕ್ಲೋಜರಿನ ಮರವನ್ನು ಹತ್ತು ಜನ ಹಂಚಿಕೊಂಡರೂ ಏನೂ ಆಗುವುದಿಲ್ಲ, ಯಾಕೆಂದರೆ ಅದು ಬದಲಾಗುವುದಿಲ್ಲ. ಬದಲಾವಣೆಗೂ ಹಂಚಿಕೆಗೂ ಜೋಡಿ ಕೂಡಿದ ಕಡೆಯೇ ರಾತ್ರಿ ಫೋನ್ ಬರುವುದು.

ಹಾಗಾಗಿ ಈಗ "ಈ ಡೇಟಾ ಬದಲಾಗುತ್ತದಾ?" ಅಂತ ನಾನು ಕೇಳಿಕೊಳ್ಳುವುದಿಲ್ಲ. "ಇದು ಯಾರ್‍ಯಾರ ಕೈಯಲ್ಲಿ ಇರುತ್ತದೆ?" ಅಂತ ಕೇಳುತ್ತೇನೆ. ಫಂಕ್ಷನ್ ಒಳಗೇ ಹುಟ್ಟಿ ಅಲ್ಲೇ ಮುಗಿಯುವುದಾದರೆ ಲಿಸ್ಟ್, ಕಣ್ಣು ಮುಚ್ಚಿಕೊಂಡು. ಹೊಸ್ತಿಲು ದಾಟಿ ಹೊರಗೆ ಹೋಗುವುದಾದರೆ, ಹೊರಡುವಾಗ ಟಪಲ್. ಒಂದೊಂದು ಜಾಗಕ್ಕೂ ಒಂದೊಂದು ಅರ್ಥ ಇದ್ದರೆ ಹುಟ್ಟುವಾಗಲೇ ಟಪಲ್. ಅಕ್ಷಾಂಶ, ರೇಖಾಂಶದ ಜೋಡಿಗೆ ಮೂರನೆಯದನ್ನು ಅಪೆಂಡ್ ಮಾಡುವ ಪ್ರಶ್ನೆಯೇ ಬರುವುದಿಲ್ಲ, ಅಲ್ವಾ. ಇಷ್ಟೆಲ್ಲ ನಿಯಮ ಮಾಡಿಕೊಂಡು ನಾನೇ ಮುರಿಯುವುದೂ ಉಂಟು. ಅವಸರದಲ್ಲಿ ಬೆರಳು ಚೌಕ ಬ್ರಾಕೆಟ್ಟಿಗೇ ಹೋಗುತ್ತದೆ. ಶಿಫ್ಟ್ ಒತ್ತಬೇಕಾಗಿಲ್ಲ ನೋಡಿ, ನನ್ನ ಪ್ರಕಾರ ಜಗತ್ತಿನ ಅರ್ಧ ಲಿಸ್ಟುಗಳಿಗೆ ಅದೇ ಕಾರಣ.

ಹೋದ ವಾರ ಒಂದು ಹಳೆಯ ಪ್ರಾಜೆಕ್ಟ್ ತೆರೆದಿದ್ದೆ. ಒಂದು ಫೈಲಿನ ಮೇಲ್ಗಡೆ ಒಂದು ಲಿಸ್ಟ್, ಅದರ ತಲೆಯ ಮೇಲೆ ಒಂದು ಕಮೆಂಟ್: "ದಯವಿಟ್ಟು ಇದನ್ನು ಯಾರೂ ಬದಲಾಯಿಸಬೇಡಿ!!!" ಮೂರು ಆಶ್ಚರ್ಯಸೂಚಕ. ಯಾರಪ್ಪ ಈ ಪುಣ್ಯಾತ್ಮ, ಎರಡು ಬ್ರಾಕೆಟ್ ಬದಲಾಯಿಸುವ ಕಡೆ ಇಷ್ಟು ಗೋಗರೆದಿದ್ದಾನಲ್ಲ ಅಂತ, ಯಾವ ಸಾಲು ಯಾರದ್ದು ಅನ್ನುವ ದಾಖಲೆ ಇಡುವ ಗಿಟ್‌ನಲ್ಲಿ ಹೆಸರು ನೋಡಿದೆ. ನಾನೇ. ಚೌಕ ತೆಗೆದು ದುಂಡು ಮಾಡಿ ಟೆಸ್ಟ್ ಓಡಿಸಿದೆ. ನಾಲ್ಕು ಕಡೆ ಟಪಲ್ ಮುನಿಯಿತು. ನಾಲ್ಕು ಫಂಕ್ಷನ್‌ಗಳು ಇಷ್ಟು ವರ್ಷ ಆ ಕಮೆಂಟಿನ ಕೆಳಗೇ ಕೈ ಹಾಕಿ ಬದಲಾಯಿಸುತ್ತಾ ಇದ್ದವು. ಅವುಗಳಲ್ಲಿ ಮೂರನ್ನು ಬರೆದವರು ಯಾರು ಅಂತಲೂ ನೋಡಿದೆ. ಗಿಟ್ ಹಿಂದಿನ ಉತ್ತರವನ್ನೇ ಕೊಟ್ಟಿತು.